ಹರಕೆ ಕಾಯುತ್ತದೆ, ವಿಷ ಕಾಯುವುದಿಲ್ಲ

ಹೈದರಾಬಾದಿನ ಲಿಂಗಂಪಲ್ಲಿ ಸುತ್ತ ಬಂಡೆ, ಕುರುಚಲು, ಕೆರೆಗಳ ನಡುವೆಯೇ ಅಪಾರ್ಟ್‌ಮೆಂಟುಗಳು ಎದ್ದಿವೆ. ಅಲ್ಲಿ ಹಾವು ಹೊಸತಲ್ಲ. ಅಲ್ಲಿನ ಕನ್ನಡದ ಮನೆಗಳಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಕುಕ್ಕೆ ಸುಬ್ರಹ್ಮಣ್ಯ ನೆನಪಾಗುವುದು ಸಹಜ. ನೆನಪಾಗಲಿ. ಆದರೆ ಹರಕೆಯನ್ನು 108ರ ಆಂಬುಲೆನ್ಸಿನಲ್ಲಿ ಕೂತೇ ಹೊರಬಹುದು. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, ಬಿಗಿದು ಕಟ್ಟದೆ, ಕೊಯ್ಯದೆ ಆಸ್ಪತ್ರೆ ಸೇರಿಸುವುದೇ ಮನೆಯವರ ಮೊದಲ ಪೂಜೆ. ವಿಷಕ್ಕೆ ಮದ್ದು ಪ್ರತಿವಿಷವೊಂದೇ.

ನಂಬಿಕೆಯ ದೊಡ್ಡ ಸರದಿ ಆಮೇಲೆ. ಕಟ್ಟುಹಾವು ಕಚ್ಚಿದವರು ದಿನಗಟ್ಟಲೆ ವೆಂಟಿಲೇಟರಿನಲ್ಲಿರಬೇಕಾದೀತು. ಕೊಳಕುಮಂಡಲ ಕಚ್ಚಿದವರಿಗೆ ಡಯಾಲಿಸಿಸ್ ಬೇಕಾದೀತು. ಆ ರಾತ್ರಿಗಳಲ್ಲಿ ಐಸಿಯು ಬಾಗಿಲಲ್ಲಿ ಕೂತವರಿಗೆ ದೇವರೂ ಬೇಕು, ಬುತ್ತಿ ತರುವ ಬಂಧುವೂ ಬೇಕು.

ಕರ್ನಾಟಕ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದು ಕಡ್ಡಾಯವೆಂದಿತು. ನಾವೂ ಒಂದು ಕೆಲಸ ಮಾಡೋಣ: ಪ್ರತಿವಿಷ ಸಿಗುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿಡೋಣ. ಗುಣವಾದ ಮೇಲೆ ಕುಕ್ಕೆಗೆ ಹೋದರಾಯಿತು, ಸುಬ್ರಹ್ಮಣ್ಯ ಕಾಯುತ್ತಾನೆ.