ಹೊಟ್ಟೆನೋವು ನೆಪವಲ್ಲ

“ಪರೀಕ್ಷೆ ಬಂದರೆ ಸಾಕು, ಇವನಿಗೆ ಹೊಟ್ಟೆನೋವು!” ಈ ಕುಚೋದ್ಯವನ್ನು ಕೇಳದ ವಿದ್ಯಾರ್ಥಿ ವಿರಳ. ನಾನೂ ಕೇಳಿದ್ದೇನೆ. ಹಿಂದೊಮ್ಮೆ ಪರೀಕ್ಷೆ ಪ್ರಾರಂಭವಾಗಿ ಅರ್ಧ ಗಂಟೆಯಾಗುವಷ್ಟರಲ್ಲಿ ಬಹಿರ್ದೆಸೆಗೆ ಹೋಗಲು ಅಪ್ಪಣೆ ಬೇಡಿದೆ. “ಓದಿ ಬಂದವರಿಗೆ ಹೀಗಾಗುವುದಿಲ್ಲ” ಎಂದರು ಮೇಲ್ವಿಚಾರಕರು. ಕೊಠಡಿಯೆಲ್ಲ ನಕ್ಕಿತು. ನಾನು ಓದಿಯೇ ಬಂದಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ಶುಲ್ಕಕ್ಕಾಗಿ ಅಪ್ಪ ಮಾರಿದ ಕುರಿಗಳೇ ಆ ದಿನ ಪ್ರಶ್ನೆಪತ್ರಿಕೆಯ ಮೇಲೆ ಕಾಣುತ್ತಿದ್ದುವು. ಹೆದರಿಕೆ ನಿಜವಾಗಿತ್ತು, ನೋವೂ ನಿಜವಾಗಿತ್ತು.

ಇದು ಕೇವಲ ನನ್ನ ಸಮರ್ಥನೆಯಲ್ಲ, ವಿಜ್ಞಾನದ ಮಾತೂ ಹೌದು. ಕರುಳಿಗೆ ತನ್ನದೇ ಆದ ನರಜಾಲವುಂಟು. ಅದರಲ್ಲಿ ಹತ್ತು ಕೋಟಿಗೂ ಮಿಕ್ಕಿ ನರಕೋಶಗಳಿವೆ. ಹೊರಗಿನ ನರಗಳನ್ನು ಕತ್ತರಿಸಿದರೂ ಕರುಳು ತಾನಾಗಿಯೇ ಆಹಾರವನ್ನು ಮುಂದೆ ನೂಕಬಲ್ಲುದೆಂದು ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗರು 1899ರಲ್ಲಿ ತೋರಿಸಿದರು. ಆದರೂ ಮಿದುಳಿನ ಮಾತನ್ನು ಅದು ಮೀರಲಾರದು. ಅಮೆರಿಕದ ವಾಲ್ಟರ್ ಕ್ಯಾನನ್ನರು ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದಾಗಲೇ ಬೆಕ್ಕುಗಳಿಗೆ ಬಿಸ್ಮತ್ ಬೆರೆಸಿದ ಆಹಾರವನ್ನಿತ್ತು, ಕ್ಷ-ಕಿರಣಗಳ ಸಹಾಯದಿಂದ ಜಠರದ ಚಲನೆಯನ್ನು ನೋಡತೊಡಗಿದರು. ಬೆಕ್ಕು ಗಾಬರಿಗೊಂಡೊಡನೆ ಜಠರದ ಅಲೆಗಳು ನಿಂತುಬಿಡುತ್ತಿದ್ದುವು. ಶಾಂತವಾದ ಮೇಲೆ ಮತ್ತೆ ಏಳುತ್ತಿದ್ದುವು. ಬೆಕ್ಕು ನೆಪ ಹೇಳೀತೆ?

ಭಯದ ಸುದ್ದಿಯನ್ನು ಒಯ್ಯುವ ರಾಸಾಯನಿಕಗಳಲ್ಲಿ ಸಿ.ಆರ್.ಎಫ್. ಎಂಬುದು ಮುಖ್ಯವಾದುದು. ವೈಲಿ ವೇಲ್ ಮತ್ತು ಅವರ ಸಂಗಡಿಗರು ಕುರಿಗಳ ಮಿದುಳಿನಿಂದ ಅದನ್ನು ಬೇರ್ಪಡಿಸಿ, 1981ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಮನಸ್ಸಿಗೆ ಭಯವಾದಾಗ ಮಿದುಳಿನ ಹೈಪೊಥಲಾಮಸ್ ಭಾಗವು ಇದನ್ನು ಸ್ರವಿಸುತ್ತದೆ. ವಿಚಿತ್ರವೆಂದರೆ, ಇದರ ಪ್ರಭಾವದಿಂದ ಜಠರ ನಿಧಾನವಾಗುತ್ತದೆ, ದೊಡ್ಡ ಕರುಳು ಚುರುಕಾಗುತ್ತದೆ. ಆದುದರಿಂದಲೇ ಬೆಳಿಗ್ಗೆ ತಿಂದ ರೊಟ್ಟಿ ಹೊಟ್ಟೆಯಲ್ಲಿ ಕಲ್ಲಿನಂತೆ ಕುಳಿತಿರುವಾಗಲೇ ಬಹಿರ್ದೆಸೆಯ ಅವಸರವೂ ಆಗುವುದು. ಇಚ್ಛೆಯಿಂದ ಎದೆಬಡಿತವನ್ನು ನಿಲ್ಲಿಸಲಾಗದವನು ಕರುಳನ್ನು ಹೇಗೆ ನಿಲ್ಲಿಸಿಯಾನು?

ಎಲ್ಲ ಹೊಟ್ಟೆನೋವೂ ಭಯದ್ದೇ ಎಂದು ನಾನು ಹೇಳುತ್ತಿಲ್ಲ. ಜ್ವರವಿದ್ದರೆ, ರಕ್ತ ಹೋಗುತ್ತಿದ್ದರೆ, ನೋವು ಬಿಡದಿದ್ದರೆ ವೈದ್ಯರನ್ನು ಕಾಣಲೇಬೇಕು.

ಅಪ್ಪಣೆ ಕೊಟ್ಟರೆ ನಕಲು ಮಾಡುವವರಿಗೆ ಅನುಕೂಲವಾದೀತೆಂದು ಅಧ್ಯಾಪಕರು ಆಕ್ಷೇಪಿಸಬಹುದು. ಆ ಶಂಕೆ ನ್ಯಾಯವಾದುದೇ. ಜೊತೆಗೊಬ್ಬ ಜವಾನನನ್ನು ಕಳುಹಿಸಲಿ, ಆದರೆ ಕಳುಹಿಸಲಿ. ಪರೀಕ್ಷಾ ಕೊಠಡಿಗಳ ಸಮೀಪದಲ್ಲಿ ನೀರಿರುವ ಶೌಚಗೃಹ, ವಿದ್ಯಾರ್ಥಿನಿಯರಿಗೆ ಪ್ರತ್ಯೇಕವಾಗಿ, ಇರಲಿ. ಸಹಪಾಠಿಗಳಲ್ಲಿ ನನ್ನ ಬಿನ್ನಹ ಇನ್ನೂ ಚಿಕ್ಕದು: ಮುಂದಿನ ಪರೀಕ್ಷೆಯಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತರೆ ನಗಬೇಡಿ. ಆತನ ಮನೆಯಲ್ಲಿಯೂ ಏನೋ ಮಾರಾಟವಾಗಿರಬಹುದು.