ಆಟಕ್ಕೆ ತೇಪೆ, ನಿದ್ದೆಗೆ ಕತ್ತರಿ

ಮೊನ್ನೆ ವಿದ್ಯಾನಗರದ ಕಡೆಯ ತಾಯಿಯೊಬ್ಬರು ಪಿಯುಸಿ ಓದುವ ಮಗನನ್ನು ದವಾಖಾನೆಗೆ ಕರೆತಂದಿದ್ದರು. "ಇವಂಗ ದಿನಾ ತಲಿನೋವು ಡಾಕ್ಟ್ರ. ರಾತ್ರಿ ನಿದ್ದಿ ಇಲ್ಲ, ಮಾತಾಡಿಸಿದ್ರ ಸಿಟ್ಟಿಗೇಳ್ತಾನ" ಎಂದರು. ಜ್ವರವಿರಲಿಲ್ಲ, ರಕ್ತದೊತ್ತಡ ಸರಿಯಿತ್ತು. ಕಣ್ಣು ಮಾತ್ರ ಕೆಂಪಗೆ ಒಣಗಿದ್ದವು. ತಾಯಿ ಹೊರಗೆ ಹೋದ ಮೇಲೆ ಹುಡುಗ ಬಾಯಿಬಿಟ್ಟ: "ಮೂರು ತಿಂಗಳು ಕುಂತು ಒಂದು ಗನ್ನಿನ ಮ್ಯಾಲೆ ಕೈ ಕುಂದ್ರಿಸಿದ್ನಿರೀ. ಅಪ್‌ಡೇಟ್ ಬಂತು, ಅದರ ತಾಕತ್ತ ಕಡಿಮಿ ಮಾಡಿಬಿಟ್ರು."

ನಗಬೇಡಿ. ಬಿಪಿ ಮಾತ್ರೆಯ ಪಟ್ಟಿಯ ಬಣ್ಣ ಬದಲಾದರೆ ನಮ್ಮ ಹಿರಿಯರು ಎಷ್ಟು ಗಲಿಬಿಲಿಗೊಳ್ಳುತ್ತಾರೆಂದು ನಾನು ವಾರವಾರವೂ ನೋಡುತ್ತೇನೆ. ಕೈಗೆ ಒಗ್ಗಿದ್ದನ್ನು ಕೇಳದೆ ಬದಲಿಸಿದರೆ ಯಾರಿಗೂ ಸಿಟ್ಟು ಬರುವುದೇ.

ಅಪ್‌ಡೇಟ್ ಎಂದರೆ ತಂತ್ರಾಂಶಕ್ಕೆ ಹಾಕುವ ತೇಪೆ. ದೋಷ ತಿದ್ದಲು, ಮೋಸದಿಂದ ಗೆಲ್ಲುವವರನ್ನು ತಡೆಯಲು ಅದು ಬೇಕೇ ಬೇಕು. ಆದರೆ ಎಷ್ಟೋ ತೇಪೆಗಳು ಬರುವುದು ಆಟ ಮುಗಿಯದಿರಲೆಂದು. ಹೊಸ ಸೀಸನ್, ಹೊಸ ವೇಷ, ಇಷ್ಟು ದಿನದೊಳಗೆ ಆಡಿದರಷ್ಟೇ ಸಿಗುವ ಬಹುಮಾನ! ನಮ್ಮ ಬಾಲ್ಯದಲ್ಲಿ ಕಬಡ್ಡಿಯ ಗೆರೆಯನ್ನು ಯಾರೂ ರಾತ್ರೋರಾತ್ರಿ ಸರಿಸುತ್ತಿರಲಿಲ್ಲ. ಕತ್ತಲಾದರೆ ಆಟ ತಾನೇ ಮುಗಿಯುತ್ತಿತ್ತು. ಈ ಹುಡುಗ ಫೋನಿನಲ್ಲಿ ಜಾಗ ಸಾಲದೆ ಫೋಟೋ ಅಳಿಸಿ, ಡೌನ್‌ಲೋಡ್ ಮುಗಿಯುವವರೆಗೆ ಕಾದು, ಕಳೆದುಕೊಂಡ ದರ್ಜೆ ಮರಳಿ ಗಳಿಸಲು ಎರಡು ಗಂಟೆಯವರೆಗೆ ಎಚ್ಚರವಿದ್ದ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಇವನಿಗೆ ಸಿಗುತ್ತಿದ್ದುದು ನಾಲ್ಕೇ ತಾಸು. ತಲೆನೋವಿಗೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ.

ನಿಷೇಧಿಸಿದರೆ ಮುಗಿಯಿತು ಎನ್ನುವಿರಾ? 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. 2021ರ ಜುಲೈಯಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಅಂಥದೇ ಆಟ ಬಂತು. 2022ರಲ್ಲಿ ಅದೂ ಹೋಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಮರಳುವಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ತಾಸಿನ ಮಿತಿ ಹಾಕಿದ್ದರು. ನಮ್ಮ ಹುಡುಗ ತಾನಾಡುವ ಆಟದಲ್ಲಿ ವಯಸ್ಸು 19 ಎಂದು ಬರೆದಿದ್ದ.

ಆಡುವವರೆಲ್ಲ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಊಟ ಓದು ಗೆಳೆತನ ಎಲ್ಲ ಹಿಂದೆ ಸರಿದು, ಹಾನಿ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳು ಉಳಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎನ್ನುತ್ತದೆ. ಅಂಥ ಲಕ್ಷಣ ಕಂಡರೆ ವರ್ಷ ತುಂಬಲೆಂದು ಕಾಯಬೇಡಿ. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ಆದೀತು.

ಉಳಿದವರಿಗೆ ನನ್ನ ಸಲಹೆ ಸಣ್ಣದು. ನಡು ಆಟದಲ್ಲಿ ಫೋನ್ ಕಸಿದುಕೊಳ್ಳಬೇಡಿ; ಅದು ಮುಗಿಯಲಿ, ಇನ್ನೊಂದು ಶುರುವಾಗದಿರಲಿ. ಅಪ್‌ಡೇಟ್ ಬಂದರೆ ರವಿವಾರ ಮುಂಜಾನೆ ಇಳಿಸಿಕೊಳ್ಳಲಿ. ರಾತ್ರಿ ಫೋನ್ ಅಡಿಗೆಮನೆಯಲ್ಲಿ ಮಲಗಲಿ, ಅಪ್ಪನದೂ ಕೂಡ.

ಹದಿನೈದು ದಿನದ ಮೇಲೆ ಹುಡುಗ ಮತ್ತೆ ಬಂದ. ಕಣ್ಣು ತಿಳಿಯಾಗಿದ್ದವು. ಎಷ್ಟಕ್ಕ ಮಲಗ್ತಿ ಎಂದೆ. "ಹನ್ನೊಂದಕ್ರೀ" ಎಂದವನು, ತಾಯಿಯ ಮುಖ ನೋಡಿ, "ಮೊನ್ನೆ ಅಪ್‌ಡೇಟ್ ಬಂದಿದ್ದ ದಿನಾ ಒಂದು ಬಿಟ್ಟು" ಎಂದ.