ಕೊಕ್ಕೋ ಬೆಳೆಯುವ ಮನೆಯಲ್ಲಿ ಡಾರ್ಕ್ ಚಾಕಲೇಟ್ ಯಾಕಿಲ್ಲ?

ಅಡಿಕೆ ತೋಟದ ನಡುವೆ ಕೊಕ್ಕೋ ಇರುವ ಮನೆಗಳು ದಕ್ಷಿಣ ಕನ್ನಡ, ಕಾಸರಗೋಡು ಕಡೆ ಬೇಕಾದಷ್ಟು ಇವೆ. ಈ ಮನೆಗಳಲ್ಲಿ ಕಾಳುಮೆಣಸು ಸಾರಿಗೆ ಬೀಳುತ್ತದೆ, ಜಾಯಿಕಾಯಿ ಸಿಪ್ಪೆ ಉಪ್ಪಿನಕಾಯಿ ಆಗುತ್ತದೆ. ಬಾಳೆ, ತೆಂಗಿನ ಮಾತು ಹೇಳುವುದೇ ಬೇಡ. ಕೊಕ್ಕೋ ಒಂದು ಮಾತ್ರ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ಕಾಯಿ ಕೊಯ್ದು, ಒಡೆದು, ಹಸಿ ಬೀಜ ತುಂಬಿಸಿ ಅದೇ ದಿನ ಮಾರಿ ಬಂದರೆ ಅದರ ಜೊತೆ ನಮ್ಮ ಸಂಬಂಧ ಮುಗಿಯಿತು. ಮಕ್ಕಳು ಬೀಜದ ಮೇಲಿನ ಬಿಳಿ ತಿರುಳನ್ನು ಚೀಪಿ ಉಗುಳುತ್ತಾರೆ, ಅಷ್ಟೇ. ಅದೇ ಬೀಜದಿಂದ ಆದ 70 ಪರ್ಸೆಂಟ್ ಚಾಕಲೇಟನ್ನು ಬೆಂಗಳೂರಿನಿಂದ ಯಾರಾದರೂ ತಂದುಕೊಟ್ಟರೆ "ಇದೆಂತ ಮಾರಾಯ್ರೇ, ಇಷ್ಟು ಕಹಿ" ಅಂತ ಬದಿಗಿಡುತ್ತೇವೆ.

ಬೇರೆ ದೇಶದ ಬೆಳೆಗಾರರೆಲ್ಲ ಹೀಗಿಲ್ಲ. ಫಿಲಿಪ್ಪೀನ್ಸಿನಲ್ಲಿ ಹುರಿದ ಬೀಜವನ್ನು ಅರೆದು 'ತಬ್ಲೆಯಾ' ಎಂಬ ಬಿಲ್ಲೆ ಮಾಡಿಟ್ಟುಕೊಂಡು ಬಿಸಿನೀರಲ್ಲಿ ಕದಡಿ ಕುಡಿಯುತ್ತಾರೆ. ಮೆಕ್ಸಿಕೋದ ಒಹಾಕಾದಲ್ಲಿ ದಾಲ್ಚಿನ್ನಿ, ಬಾದಾಮಿ ಸೇರಿಸಿ ಅರೆಯುತ್ತಾರೆ, ಮೆಣಸಿನ ಸಾಂಬಾರಿಗೂ ಹಾಕುತ್ತಾರೆ. ನಮ್ಮಲ್ಲಿ ಕೊಕ್ಕೋ ಬಂದದ್ದೇ ಕಂಪೆನಿಗೆ ಮಾರುವ ಬೆಳೆಯಾಗಿ. ಹಾಗಾಗಿ ರೇಟು ಇದ್ದರೆ ಗಿಡ ಉಂಟು, ಇಲ್ಲದಿದ್ದರೆ ಕತ್ತಿ. ಈ ಅಭ್ಯಾಸ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಡಾರ್ಕ್ ಚಾಕಲೇಟ್ ಎಂದರೆ ಏನೆಂದು ಬೆಳೆಗಾರನ ನಾಲಿಗೆಗೆ ಗೊತ್ತಾಗದೆ ಒಳ್ಳೆಯ ಬೀಜಕ್ಕೆ ಒಳ್ಳೆಯ ಬೆಲೆ ಕೇಳುವ ಧೈರ್ಯ ಬರುವುದಿಲ್ಲ.

ಆರೋಗ್ಯದ ಮಾತು ಎಷ್ಟು ನಿಜ?

ಮೊದಲು ಇದನ್ನು ಸರಿಮಾಡಿಕೊಳ್ಳೋಣ. ದಿನಾ ಒಂದು ತುಂಡು ಡಾರ್ಕ್ ಚಾಕಲೇಟ್ ತಿಂದರೆ ಬಿ.ಪಿ. ಇಳಿಯುತ್ತದೆ, ಹೃದಯಾಘಾತ ಬರುವುದಿಲ್ಲ, ಶುಗರ್ ಹತೋಟಿಗೆ ಬರುತ್ತದೆ ಅಂತೆಲ್ಲ ವಾಟ್ಸಾಪಿನಲ್ಲಿ ಓಡಾಡುತ್ತದೆ. ಇದರಲ್ಲಿ ಸ್ವಲ್ಪ ನಿಜ ಇದೆ, ಬಹಳಷ್ಟು ಉಬ್ಬರ ಇದೆ.

ಕೊಕ್ಕೋದ ಹಸಿ ಬೀಜವನ್ನು ಕತ್ತರಿಸಿ ನೋಡಿ, ಒಳಗೆ ನೇರಳೆ ಬಣ್ಣ ಇರುತ್ತದೆ. ಬಾಯಿಗೆ ಹಾಕಿದರೆ ಎಳೆ ಅಡಿಕೆಗಿಂತ ಒಗರು. ಆ ಒಗರಿನಲ್ಲಿರುವ ಮುಖ್ಯ ಅಂಶಗಳಲ್ಲಿ ಒಂದು ಫ್ಲೆವನಾಲ್. ಚಹಾದಲ್ಲಿಯೂ ಈ ಜಾತಿಯದ್ದೇ ಇದೆ. ಇದು ರಕ್ತನಾಳಗಳು ಸಡಿಲಗೊಂಡು ಹಿಗ್ಗಲು ಸಹಾಯ ಮಾಡುತ್ತದೆ. ದಿನಕ್ಕೆ 200 ಮಿಲಿಗ್ರಾಂ ಕೊಕ್ಕೋ ಫ್ಲೆವನಾಲ್ ಸೇವಿಸಿದರೆ ಈ ಪ್ರಯೋಜನ ಉಂಟು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿಕೊಂಡಿತು. ಆದರೆ ರಕ್ತದೊತ್ತಡ ಎಷ್ಟು ಇಳಿಯುತ್ತದೆ? 35 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಸರಾಸರಿ 2 ಪಾಯಿಂಟಿಗಿಂತಲೂ ಕಡಿಮೆ. ಅಂದರೆ 150 ಇದ್ದದ್ದು 148 ಆದೀತು. ಇದನ್ನು ನಂಬಿ ಬಿ.ಪಿ. ಮಾತ್ರೆ ಬಿಟ್ಟರೆ ಆಸ್ಪತ್ರೆಗೆ ಹೋಗುವ ದಾರಿಯೇ.

ಅಮೆರಿಕದಲ್ಲಿ 21,000ಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಪ್ರಯೋಗ ಮಾಡಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಫ್ಲೆವನಾಲ್ ಇರುವ ಕೊಕ್ಕೋ ಸಾರದ ಗುಳಿಗೆ ಕೊಟ್ಟಿದ್ದರು. ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿದ ಒಟ್ಟು ಲೆಕ್ಕದಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ. ಹೃದ್ರೋಗದಿಂದ ಸತ್ತವರ ಸಂಖ್ಯೆ ಮಾತ್ರ ಆ ಗುಂಪಿನಲ್ಲಿ ಕಡಿಮೆ ಇತ್ತು. ಆಸೆ ಹುಟ್ಟಿಸುವ ಸಂಗತಿ ಹೌದು, ಆದರೆ ಅವರು ತಿಂದದ್ದು ಗುಳಿಗೆ, ಸಕ್ಕರೆ ಹಾಕಿದ ಚಾಕಲೇಟ್ ಅಲ್ಲ ಎಂಬುದು ನೆನಪಿರಲಿ.

ಇನ್ನು ಪರ್ಸೆಂಟಿನ ವಿಷಯ. 70 ಪರ್ಸೆಂಟ್ ಎಂದರೆ ಆ ಚಾಕಲೇಟಿನ 100 ಗ್ರಾಂನಲ್ಲಿ 70 ಗ್ರಾಂ ಕೊಕ್ಕೋ ಬೀಜದಿಂದ ಬಂದದ್ದು. ಬೀಜದ ಪುಡಿ, ಬೀಜದ ಕೊಬ್ಬು ಎರಡೂ ಅದರಲ್ಲಿ ಸೇರಿದೆ. ಉಳಿದದ್ದು ಹೆಚ್ಚುಕಮ್ಮಿ ಸಕ್ಕರೆ. ಫ್ಲೆವನಾಲ್ ಎಷ್ಟು ಅಂತ ಅದು ಹೇಳುವುದಿಲ್ಲ. ಬಣ್ಣ ಕಡುಕಪ್ಪಾಗಲಿ, ರುಚಿ ಮೆದುವಾಗಲಿ ಅಂತ ಕೊಕ್ಕೋ ಪುಡಿಗೆ ಕ್ಷಾರ ಹಾಕಿ ಸಂಸ್ಕರಿಸುವ ಕ್ರಮ ಇದೆ. ಅದರಲ್ಲಿ ಫ್ಲೆವನಾಲ್ ಬಹಳಷ್ಟು ಹೋಗಿಬಿಡುತ್ತದೆ. ಕಪ್ಪಾಗಿದ್ದದ್ದೆಲ್ಲ ಒಳ್ಳೆಯದು ಎಂದು ತಿಳಿಯಬೇಡಿ.

100 ಗ್ರಾಂ ಡಾರ್ಕ್ ಚಾಕಲೇಟಿನಲ್ಲಿ ಸುಮಾರು 600 ಕ್ಯಾಲೊರಿ, 40 ಗ್ರಾಂ ಮೀರಿ ಕೊಬ್ಬು ಇರುತ್ತದೆ. ನಾರು, ಮೆಗ್ನೀಸಿಯಂ, ಕಬ್ಬಿಣ ಚೆನ್ನಾಗಿಯೇ ಇವೆ. ಆದರೆ ದಿನಕ್ಕೆ 20 ಗ್ರಾಂಗಿಂತ ಹೆಚ್ಚು ತಿನ್ನಬೇಕಾದ ವಸ್ತು ಅಲ್ಲ ಇದು. ಸಕ್ಕರೆ ಕಾಯಿಲೆ ಇದ್ದವರಿಗೆ ಬೇಕರಿ ತಿಂಡಿಗಿಂತ ವಾಸಿ ಎನ್ನಬಹುದು, ಔಷಧಿ ಎನ್ನಬಾರದು. ನಾಯಿಗೆ ಮಾತ್ರ ಒಂದು ಚೂರೂ ಹಾಕಬೇಡಿ. ಕೊಕ್ಕೋದಲ್ಲಿರುವ ಥಿಯೋಬ್ರೊಮಿನ್ ಅದಕ್ಕೆ ವಿಷ.

ಅಂಗಡಿಯ 'ಡಾರ್ಕ್' ಎಲ್ಲ ಡಾರ್ಕ್ ಅಲ್ಲ

ಬೇಕರಿ ಸಾಮಾನಿನ ಅಂಗಡಿಯಲ್ಲಿ 'ಡಾರ್ಕ್ ಕಾಂಪೌಂಡ್' ಎಂಬ ದೊಡ್ಡ ಬಿಲ್ಲೆ ಸಿಗುತ್ತದೆ. ಬೆಲೆ ಅಗ್ಗ. ಕೇಕಿನ ಮೇಲೆ ಹಾಕುವುದು, ಮನೆಯಲ್ಲಿ ಹೆಣ್ಣುಮಕ್ಕಳು ಅಚ್ಚು ಹಾಕಿ ಚಾಕಲೇಟ್ ಮಾಡಿ ಮಾರುವುದು ಹೆಚ್ಚಾಗಿ ಇದರಲ್ಲೇ. ಅದರಲ್ಲಿ ಕೊಕ್ಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು, ಸಾಮಾನ್ಯವಾಗಿ ತಾಳೆಗೆ ಸಂಬಂಧಿಸಿದ್ದು, ಇರುತ್ತದೆ. ಲಕೋಟೆ ತಿರುಗಿಸಿ ಓದಿ. ಮೊದಲ ಹೆಸರು ಸಕ್ಕರೆ, ಎರಡನೆಯದು ವೆಜಿಟೆಬಲ್ ಫ್ಯಾಟ್ ಅಂತ ಇದ್ದರೆ ಮೇಲೆ ಹೇಳಿದ ಯಾವ ಆರೋಗ್ಯದ ಮಾತೂ ಅದಕ್ಕೆ ಅನ್ವಯ ಆಗುವುದಿಲ್ಲ. ಕೊಕ್ಕೋ ಬೆಳೆಯುವ ನಾವೇ ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ತಾಳೆಯ ಕೊಬ್ಬನ್ನು ಚಾಕಲೇಟ್ ಅಂತ ಹಂಚುವುದು ನನಗಂತೂ ಸರಿ ಕಾಣುವುದಿಲ್ಲ.

ಗುಣ ಬರುವುದು ಅಂಗಳದಲ್ಲಿ

ಚಾಕಲೇಟಿನ ಪರಿಮಳ ಫ್ಯಾಕ್ಟರಿಯಲ್ಲಿ ಹುಟ್ಟುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಅದರ ಬುಡ ಇರುವುದು ಬೀಜ ಹುದುಗು ಬರಿಸುವುದರಲ್ಲಿ. ಹುದುಗದ ಬೀಜವನ್ನು ಎಷ್ಟು ಹುರಿದರೂ ಚಾಕಲೇಟ್ ಘಮ ಬರುವುದಿಲ್ಲ.

ಮನೆ ಖರ್ಚಿಗೆ ಮಾಡುವವರು ಬಿದಿರಿನ ಸಣ್ಣ ಬುಟ್ಟಿ ತೆಗೆದುಕೊಳ್ಳಿ. ಒಳಗೆ ಬಾಳೆ ಎಲೆ ಹಾಸಿ, ತಳದಲ್ಲಿ ಎಲೆ ಅಲ್ಲಲ್ಲಿ ಹರಿದಿರಲಿ, ರಸ ಇಳಿದು ಹೋಗಬೇಕು. ಸರಿಯಾಗಿ ಹಣ್ಣಾದ ಕಾಯಿಯ ಬೀಜ ಮಾತ್ರ ಹಾಕಿ. ಕಪ್ಪು ಕೊಳೆ ಬಂದದ್ದು, ಅಳಿಲು ಕೊರೆದದ್ದು, ಒಳಗೆ ಮೊಳಕೆ ಒಡೆದದ್ದು ಬೇಡ. ಮೇಲೆ ಬಾಳೆ ಎಲೆ ಮುಚ್ಚಿ, ಕಲ್ಲು ಹೇರಿ, ಗೋಣಿ ಸುತ್ತಿ ಗಾಳಿ ಬೀಸದ ಮೂಲೆಯಲ್ಲಿಡಿ. ಮೂರನೇ ದಿನ ಒಮ್ಮೆ, ಐದನೇ ದಿನ ಒಮ್ಮೆ ಅಡಿಮೇಲು ಮಾಡಿ. ರಾಶಿ ಚೆನ್ನಾಗಿ ಹುದುಗಿದರೆ 45ರಿಂದ 50 ಡಿಗ್ರಿ ಬಿಸಿ ಏರುತ್ತದೆ, ಕೈ ಹಾಕಿದರೆ ಗೊತ್ತಾಗುತ್ತದೆ. ಮೊದಲು ಹೆಂಡದ ವಾಸನೆ, ಆಮೇಲೆ ವಿನೆಗರ್ ವಾಸನೆ. ಆರು ದಿನ ಆದ ಮೇಲೆ ಒಂದು ಬೀಜ ಕತ್ತರಿಸಿ ನೋಡಿ. ನೇರಳೆ ಬಣ್ಣ ಹೋಗಿ ಕಂದು ಬಣ್ಣಕ್ಕೆ ತಿರುಗಿರಬೇಕು. ಒಣಗಿದ ಮೇಲೆ ಕತ್ತರಿಸಿದರೆ ಒಳಗೆ ಬಿರುಕು ಬಿರುಕಾಗಿ ಕಾಣಬೇಕು.

ಇಲ್ಲಿ ಒಂದು ತಕರಾರು ಬರುತ್ತದೆ. ಹುದುಗುವಾಗ ಫ್ಲೆವನಾಲ್ ಕಡಿಮೆಯಾಗುತ್ತದೆ, ಹುರಿಯುವಾಗ ಇನ್ನೂ ಸ್ವಲ್ಪ ಹೋಗುತ್ತದೆ. ಹಾಗಾದರೆ ಹುದುಗಿಸದೆ ತಿಂದರೆ ಆರೋಗ್ಯಕ್ಕೆ ಹೆಚ್ಚು ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಲೆಕ್ಕ ಸರಿ. ಆದರೆ ಆ ಒಗರನ್ನು ಯಾರು ತಿನ್ನುತ್ತಾರೆ? ಹತ್ತು ಚಮಚ ಸಕ್ಕರೆ ಸೇರಿಸಿ ತಿನ್ನುವುದಾದರೆ ಉಳಿಸಿದ ಫ್ಲೆವನಾಲ್‌ನ ಲಾಭ ಅಲ್ಲಿಗೇ ಹೋಯಿತು. ಚೆನ್ನಾಗಿ ಹುದುಗಿದ ಬೀಜಕ್ಕೆ ಕಡಿಮೆ ಸಿಹಿ ಸಾಕಾಗುತ್ತದೆ, ನನ್ನ ಮಟ್ಟಿಗೆ ದೊಡ್ಡ ಆರೋಗ್ಯ ಲಾಭ ಇದೇ.

ಒಣಗಿಸುವುದು ಇನ್ನೂ ಸೂಕ್ಷ್ಮ. ತೇವ 6–7 ಶೇಕಡಾಕ್ಕೆ ಇಳಿಯಬೇಕು. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಚಟಚಟ ಸದ್ದು ಬರಬೇಕು. ಬಿಸಿಲಲ್ಲಿ ಒಂದು ವಾರ ಹಿಡಿಯುತ್ತದೆ. ಮಳೆ ಹಿಡಿದಾಗ ಅಡಿಕೆ ಒಣಗಿಸುವ ಹೊಗೆ ಗೂಡಿಗೆ ಹಾಕುವ ಆಸೆ ಆಗುವುದು ಸಹಜ, ಹಾಕಬೇಡಿ. ಬೀಜದ ಅರ್ಧಭಾಗ ಕೊಬ್ಬು, ಹೊಗೆ ವಾಸನೆ ಅದಕ್ಕೆ ಅಂಟಿದರೆ ಬಿಡುವುದಿಲ್ಲ. ಈಗ ಅಡಿಕೆಗೆಂದು ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡು ಹಲವರ ಅಂಗಳದಲ್ಲಿದೆ, ಅದರ ಒಂದು ಮೂಲೆ ಸಾಕು.

ಡಾಂಬರು ರಸ್ತೆಯ ಬದಿಯಲ್ಲಿ, ಬರೀ ನೆಲದ ಮೇಲೆ ಒಣಹಾಕುವುದನ್ನು ಬಿಟ್ಟುಬಿಡಿ. ಅಮೆರಿಕದ ಗ್ರಾಹಕ ಸಂಸ್ಥೆಯೊಂದು 2022ರಲ್ಲಿ 28 ಡಾರ್ಕ್ ಚಾಕಲೇಟ್ ಪರೀಕ್ಷಿಸಿದಾಗ ಎಲ್ಲದರಲ್ಲಿಯೂ ಸೀಸ ಮತ್ತು ಕ್ಯಾಡ್ಮಿಯಂ ಸಿಕ್ಕಿತು. ಕ್ಯಾಡ್ಮಿಯಂ ಮಣ್ಣಿನಿಂದ ಬೇರಿನ ಮೂಲಕ ಬರುತ್ತದೆ, ಹುಳಿ ಮಣ್ಣಿನಲ್ಲಿ ಹೆಚ್ಚು. ಸುಣ್ಣ ಕೊಟ್ಟು ಹುಳಿ ಕಡಿಮೆ ಮಾಡುವುದಕ್ಕೆ ಇದೂ ಒಂದು ಕಾರಣ. ಸೀಸ ಮಾತ್ರ ಹೆಚ್ಚಾಗಿ ಕೊಯ್ಲಿನ ನಂತರ, ಒಣಗಿಸುವಾಗ ಧೂಳಿನಿಂದ ಸೇರುವಂಥದ್ದು. ಅದನ್ನು ತಡೆಯುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ.

ಅಡುಗೆಮನೆಗೆ ತರುವುದು ಹೇಗೆ?

ಹಸಿ ಬೀಜ ಒಣಗಿದರೆ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ಒಣ ಬೀಜವನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ನೆಲಗಡಲೆ ಹುರಿದ ಹಾಗೆ, ಕೈ ಬಿಡದೆ 20–30 ನಿಮಿಷ ಹುರಿಯಿರಿ. ಸಿಪ್ಪೆ ಚಟಪಟ ಸಿಡಿಯಲು ಶುರುವಾಗಿ ಮನೆಯೆಲ್ಲ ಘಮ ಬಂದಾಗ ಇಳಿಸಿ. ಕರಟಿದರೆ ಕಹಿ. ಆರಿದ ಮೇಲೆ ಕೈಯಲ್ಲಿ ಉಜ್ಜಿ, ಗೆರಸೆಯಲ್ಲಿ ಕೇರಿದರೆ ಸಿಪ್ಪೆ ಹಾರಿಹೋಗುತ್ತದೆ. ಕೇರುವುದು ಗೊತ್ತಿದ್ದವರಿಗೆ ಐದು ನಿಮಿಷದ ಕೆಲಸ, ಪೇಟೆಯವರು ಇದಕ್ಕೆ ಹೇರ್ ಡ್ರೈಯರ್ ಹಿಡಿಯುತ್ತಾರೆ.

ಉಳಿದ ಬೇಳೆಯನ್ನು ಒಣ ಮಿಕ್ಸಿಯಲ್ಲಿ ತಿರುಗಿಸಿ. ಮೊದಲು ಪುಡಿ, ಆಮೇಲೆ ಬಿಸಿಗೆ ಕೊಬ್ಬು ಬಿಟ್ಟು ಮುದ್ದೆ, ಆಮೇಲೆ ನೀರುನೀರಾದ ಲೇಹ. ಮಿಕ್ಸಿಗೆ ನಡುನಡುವೆ ವಿಶ್ರಾಂತಿ ಬೇಕು. ಒಂದು ಹನಿ ನೀರೂ ತಾಗಬಾರದು, ತಾಗಿದರೆ ಗಂಟು ಕಟ್ಟುತ್ತದೆ. ಇನ್ನೂ ನುಣ್ಣಗೆ ಬೇಕಾದರೆ ವೆಟ್ ಗ್ರೈಂಡರಿನಲ್ಲಿ ಗಂಟೆಗಟ್ಟಲೆ ತಿರುಗಿಸಬೇಕು. ಕೊಯಮತ್ತೂರಿನ ಗ್ರೈಂಡರನ್ನೇ ಸ್ವಲ್ಪ ಮಾರ್ಪಾಡು ಮಾಡಿ ಅಮೆರಿಕದ ಸಣ್ಣ ಚಾಕಲೇಟ್ ತಯಾರಕರು ಬಳಸುತ್ತಾರೆ, ನಾವು ಅದೇ ಗ್ರೈಂಡರಿನಲ್ಲಿ ದೋಸೆ ಹಿಟ್ಟು ಮಾತ್ರ ಅರೆಯುತ್ತಿದ್ದೇವೆ.

700 ಗ್ರಾಂ ಬೇಳೆಗೆ 300 ಗ್ರಾಂ ಸಕ್ಕರೆ ಪುಡಿ ಹಾಕಿದರೆ ನಿಮ್ಮದೇ 70 ಪರ್ಸೆಂಟ್ ಚಾಕಲೇಟ್. ಬೆಲ್ಲ ಹಾಕುವುದಾದರೆ ಚೆನ್ನಾಗಿ ಒಣಗಿದ ಪುಡಿ ಬೆಲ್ಲ ಬೇಕು, ಜಿನುಗುವ ಬೆಲ್ಲ ಆಗದು. ಅಂಗಡಿಯದ್ದರ ಹಾಗೆ ಹೊಳಪು ಬರಲು, ಮುರಿದರೆ ಟಕ್ ಅನ್ನಲು ಕರಗಿಸಿ, 27–28 ಡಿಗ್ರಿಗೆ ಇಳಿಸಿ, ಪುನಃ 31–32ಕ್ಕೆ ಏರಿಸುವ ಕಸರತ್ತು ಉಂಟು. ಕರಾವಳಿಯ ಸೆಕೆಯಲ್ಲಿ ಅದರ ಹಿಂದೆ ಬೀಳುವುದು ಬೇಡ. ಸಿಹಿ ಹಾಕದ ಲೇಹವನ್ನು ಲಿಂಬೆಗಾತ್ರದ ಉಂಡೆ ಮಾಡಿ ಫ್ರಿಜ್ಜಿನಲ್ಲಿಡಿ.

ಒಂದು ಉಂಡೆಯನ್ನು ಎರಡು ಲೋಟ ಹಾಲಿಗೆ ತುರಿದು ಹಾಕಿ, ಬೆಲ್ಲ, ಏಲಕ್ಕಿ, ಒಂದು ಚಿಟಿಕೆ ಕಾಳುಮೆಣಸು ಸೇರಿಸಿ ಕುದಿಸಿದರೆ ಮಳೆಗಾಲದ ಸಂಜೆಗೆ ಇದಕ್ಕಿಂತ ಒಳ್ಳೆಯ ಕಷಾಯ ಇಲ್ಲ. ರಾಗಿ ಮಾಲ್ಟಿಗೆ ಅರ್ಧ ಚಮಚ ಹಾಕಿದರೆ ಮಕ್ಕಳು ತಕರಾರಿಲ್ಲದೆ ಕುಡಿಯುತ್ತಾರೆ. ದಪ್ಪ ಕಾಯಿಹಾಲನ್ನು ಬಿಸಿ ಮಾಡಿ ಅಷ್ಟೇ ತೂಕದ ಡಾರ್ಕ್ ಚಾಕಲೇಟ್ ಚೂರಿನ ಮೇಲೆ ಸುರಿದು ಕಲಸಿದರೆ ನೇಂದ್ರ ಬಾಳೆಹಣ್ಣಿನ ಜೊತೆ ತಿನ್ನಲು ಬಹಳ ರುಚಿ. ಮೆಕ್ಸಿಕೋದವರ ಹಾಗೆ ಖಾರದ ಗೊಜ್ಜಿಗೂ ಒಂದು ಚೂರು ಹಾಕಿ ನೋಡಿದ್ದೇನೆ. ನನಗೆ ಹಿಡಿಸಿತು, ಮನೆಯವರಿಗೆ ಹಿಡಿಸಲಿಲ್ಲ.

ಬೆಲೆಯ ಮಾತು

1980ರ ಸುಮಾರಿಗೆ ಕೊಕ್ಕೋ ಬೆಲೆ ಬಿದ್ದು ಕೊಳ್ಳುವವರಿಲ್ಲದೆ ಬೆಳೆಗಾರರು ಗಿಡ ಕಡಿದದ್ದು ಹಿರಿಯರಿಗೆ ನೆನಪಿದೆ. ಆಗ ಕ್ಯಾಂಪ್ಕೋ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೇ ಆಯಿತು. 2024ರಲ್ಲಿ ಐವರಿ ಕೋಸ್ಟ್, ಘಾನಾ ದೇಶಗಳಲ್ಲಿ ಬೆಳೆ ಕೈಕೊಟ್ಟು ಅಂತಾರಾಷ್ಟ್ರೀಯ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ನರ್ಸರಿಗಳಲ್ಲಿ ಕೊಕ್ಕೋ ಗಿಡಕ್ಕೆ ಕ್ಯೂ. ಬೆಲೆ ಇಳಿದ ಕೂಡಲೇ ಪುನಃ ಅದೇ ಕತ್ತಿಯ ಮಾತು ಕೇಳುತ್ತಿದೆ. ಪೇಟೆ ದರ ನಮ್ಮ ಕೈಯಲ್ಲಿಲ್ಲ. ಆದರೆ ಹುದುಗಿಸಿ ಒಣಗಿಸಿದ ಒಳ್ಳೆಯ ಬೀಜವನ್ನೇ ಹುಡುಕಿಕೊಂಡು ಬರುವ ಸಣ್ಣ ಚಾಕಲೇಟ್ ತಯಾರಕರು ಈಗ ನಮ್ಮ ದೇಶದಲ್ಲೇ ಇದ್ದಾರೆ. ಅವರ ಹತ್ತಿರ ಮಾತಾಡಬೇಕಾದರೆ ಕೈಯಲ್ಲಿ ಮಾದರಿ ಇರಬೇಕು, ಆ ಮಾದರಿಯ ರುಚಿ ಮೊದಲು ನಮಗೆ ಗೊತ್ತಿರಬೇಕು. ಊರಿನ ನಾಲ್ಕು ಮನೆಯವರು ಸೇರಿ ಒಂದೇ ದಿನ ಕೊಯ್ದು ಒಂದೇ ಪೆಟ್ಟಿಗೆಯಲ್ಲಿ ಹುದುಗಿಸಿದರೆ ಬಿಸಿಯೂ ಚೆನ್ನಾಗಿ ಏರುತ್ತದೆ, ಗುಣವೂ ಒಂದೇ ರೀತಿ ಬರುತ್ತದೆ. ಸ್ವಸಹಾಯ ಸಂಘದವರು ಉಂಡೆ ಮಾಡಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ.

ಮುಂದಿನ ಕೊಯ್ಲಿನಲ್ಲಿ 6 ಕೆ.ಜಿ. ಹಸಿ ಬೀಜ ಬದಿಗಿಡಿ. ಸುಮಾರು 2 ಕೆ.ಜಿ. ಒಣ ಬೀಜ, ಸಿಪ್ಪೆ ತೆಗೆದರೆ ಒಂದೂವರೆ ಕೆ.ಜಿ. ಬೇಳೆ ಸಿಕ್ಕೀತು. ಮನೆ ಖರ್ಚಿಗೆ ಕೆಲವು ತಿಂಗಳು ಧಾರಾಳ. ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿಡಿ. ಕಾಳುಮೆಣಸು, ಅಡಿಕೆ ಇಟ್ಟ ಕೋಣೆಯಲ್ಲಿ ಮಾತ್ರ ಬೇಡ, ವಾಸನೆ ಹಿಡಿಯುತ್ತದೆ.